ಊರಿಗೆ ಹೋದಾಗ ತೋರಿಸಬೇಕಾದ ಕಿವಿ

ನಮ್ಮ ಅಡುಗೆಕೋಣೆಯ ಬಾಗಿಲ ಹಿಂದೆ ಊರಿನಿಂದ ತರಿಸಿದ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಇದ್ದ ಕ್ಯಾಲೆಂಡರ್. ಬಹರೈನಿನ ಆ ತೋಟದ ಮನೆಯಲ್ಲಿ ರಾಹುಕಾಲ ನೋಡಿ ಮಾಡುವಂಥ ಕೆಲಸ ನನಗೇನೂ ಇರಲಿಲ್ಲ. ಆದರೆ ಅದರ ಕೊನೆಯ ಹಾಳೆಯ ಹಿಂಬದಿ ಖಾಲಿ ಇತ್ತು. ಅಲ್ಲಿ ‘ಊರಿಗೆ ಹೋದಾಗ’ ಎಂದು ತಲೆಬರಹ ಹಾಕಿ ಪಟ್ಟಿ ಬರೆಯುತ್ತಿದ್ದೆ. ನನ್ನ ದವಡೆ ಹಲ್ಲು. ಇವರ ಕನ್ನಡಕ. ನನ್ನ ಮಂಡಿ. ಕುಕ್ಕರಿನ ಗ್ಯಾಸ್ಕೆಟ್. ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲೆಲ್ಲ ಇಂಥದೊಂದು ಪಟ್ಟಿ ಇರುತ್ತದೆ, ಕಾಗದದಲ್ಲಿಲ್ಲದಿದ್ದರೆ ತಲೆಯಲ್ಲಿ. ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಹಲ್ಲು ನೋಯಬಹುದು, ಮಂಡಿ ಊದಬಹುದು, ಆದರೆ ಚಿಕಿತ್ಸೆ ಮಾತ್ರ ಊರಲ್ಲೇ ಆಗಬೇಕು. ಅಲ್ಲಿ ಭಾಷೆ ನಮ್ಮದು, ಡಾಕ್ಟರು ಗುರ್ತದವರು, ಜೊತೆಗೆ ಬರಲು ಅಣ್ಣನೋ ಭಾವನೋ ಇರುತ್ತಾರೆ ಎಂಬ ಲೆಕ್ಕಾಚಾರ.

ಇವರು ಎಂದರೆ ನನ್ನ ಗಂಡ. ಹೆಸರು ಹೇಳಿ ಕರೆಯುವ ಅಭ್ಯಾಸ ನನಗಿಲ್ಲ. ಕರೆಯಬೇಕಾದಾಗ “ಕೇಳಿತಾ?” ಎನ್ನುತ್ತೇನೆ, ನನ್ನಮ್ಮ ನನ್ನಪ್ಪನನ್ನು ಕರೆಯುತ್ತಿದ್ದ ಹಾಗೆ.

ನಾವಿದ್ದದ್ದು ಆ ದ್ವೀಪದ ಪಡುವಣ ಅಂಚಿನ ಒಂದು ಹಳ್ಳಿಯಲ್ಲಿ. ಬಹರೈನ್ ಎಂದರೆ ಗಾಜಿನ ಕಟ್ಟಡ, ಅದ್ಲಿಯಾದ ಹೋಟೆಲುಗಳು ಎಂದುಕೊಂಡವರಿಗೆ ನಮ್ಮ ಹಳ್ಳಿಯ ವಿಷಯ ಹೇಳಿದರೆ ನಂಬಿಕೆಯೇ ಬರುತ್ತಿರಲಿಲ್ಲ. ಖರ್ಜೂರದ ತೋಟಗಳು, ಕತ್ತೆಗಳು, ದನದ ಮೇವಿನ ಗದ್ದೆ, ನೀರಿಳಿದಾಗ ಕಡಲಿನಿಂದ ಬರುವ ಕೊಳೆತ ಪಾಚಿಯ ವಾಸನೆ. ಒಂದು ಮಸೀದಿ, ಒಂದು ರೊಟ್ಟಿ ಸುಡುವ ಅಂಗಡಿ, ‘ಕೋಲ್ಡ್ ಸ್ಟೋರ್’ ಎಂದು ಕರೆಯುವ, ಮಲಯಾಳಿಯೊಬ್ಬರ ದಿನಸಿ ಅಂಗಡಿ. ನಲ್ಲಿಯ ನೀರು ಉಪ್ಪು, ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತು ತರಬೇಕು. ಗ್ಯಾಸಿನ ಗಾಡಿ ಬರುವ ಹೊತ್ತಿಗೆ ನಾನು ಸ್ನಾನಕ್ಕೆ ಹೋಗಿದ್ದರೆ ಮುಗಿಯಿತು, ಮುಂದಿನ ವಾರದವರೆಗೆ ಕರೆಂಟಿನ ಒಲೆಯೇ ಗತಿ. ಒಳ್ಳೆಯ ಕರಿಬೇವಿಗೆ ರಾಜಧಾನಿ ಮನಾಮಾಕ್ಕೆ ಹೋಗಬೇಕು, ಪಾಸ್‌ಪೋರ್ಟ್ ಫೋಟೋಕ್ಕೆ ಮನಾಮಾ, ಚಪ್ಪಲಿಯ ಉಂಗುಷ್ಟ ಕಿತ್ತುಹೋದರೂ ಮನಾಮಾ. ಬಸ್ಸುಗಳು ದಿನಕ್ಕೆ ನಾಲ್ಕಾರು; ಬರುವುದೂ ಬಿಡುವುದೂ ಚಾಲಕನ ಮರ್ಜಿ. ನಾನು ಊರಿನಲ್ಲಿ ಪೇಟೆಯ ನಡುವೆ ಹುಟ್ಟಿ ಬೆಳೆದವಳು. ಹಳ್ಳಿ ಎಂದರೇನೆಂದು ಕಲಿತದ್ದು ವಿಮಾನ ಹತ್ತಿ ಪರದೇಶಕ್ಕೆ ಬಂದಮೇಲೆ.

ಅಲ್ಲಿ ಯಾಕಿದ್ದೆವೆಂದರೆ ಪಂಪಿನ ದೆಸೆಯಿಂದ. ಇವರು ಪಂಪ್ ಮೆಕ್ಯಾನಿಕ್. ಕಂಪನಿಯ ಕೆಲಸವೆಂದರೆ ಆ ಭಾಗದ ತೋಟಗಳ ಪಂಪುಗಳನ್ನು ನೋಡಿಕೊಳ್ಳುವುದು. ಒಂದು ತೋಟದ ಯಜಮಾನರು, ಎಪ್ಪತ್ತರ ಹತ್ತಿರದ ಅರಬ್ಬಿ ಮುದುಕರು, ಇವರ ಕೆಲಸ ನೋಡಿ ಮೆಚ್ಚಿ, ತೋಟದ ಮೂಲೆಯಲ್ಲಿ ಹಿಂದೆ ಮಾಲಿಗೆಂದು ಕಟ್ಟಿಸಿದ್ದ ಎರಡು ಕೋಣೆಗಳನ್ನು ಕಡಿಮೆ ಬಾಡಿಗೆಗೆ ನಮಗೆ ಕೊಟ್ಟಿದ್ದರು. ಬದಲಿಗೆ ಅವರ ಎರಡು ಪಂಪುಗಳ ಯೋಗಕ್ಷೇಮ ಇವರದ್ದು. ನಾವು ಅವರನ್ನು ಬಾಬಾ ಎಂದು ಕರೆಯುತ್ತಿದ್ದೆವು. ಇವರು ಪಂಪನ್ನು ಬಿಚ್ಚುವ ಮೊದಲು ಉದ್ದನೆಯ ಸ್ಕ್ರೂ ಡ್ರೈವರಿನ ಮೊನೆಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. “ಇನ್ನು ಒಂದು ವಾರ ಓಡ್ತದೆ” ಎಂದರೆ ಒಂದು ವಾರ, “ಈಗಲೇ ನಿಲ್ಲಿಸಿ” ಎಂದರೆ ಈಗಲೇ. ಬಾಬಾ ಇದನ್ನು ನೋಡಲೆಂದೇ ಪಕ್ಕದ ಮನೆಯವರನ್ನು ಕರೆತಂದದ್ದೂ ಉಂಟು. ಎಡಗಿವಿ ಇವರಿಗೆ ಚಿಕ್ಕಂದಿನಿಂದಲೇ ಮಂದ. ಕೆರೆಯಲ್ಲಿ ಮುಳುಗಿ ಮುಳುಗಿ ಸೋರಲು ಹಿಡಿದ ಕಿವಿ. ಹಾಗಾಗಿ ಕೆಲಸಕ್ಕೂ ಮಾತಿಗೂ ಇದ್ದದ್ದು ಬಲಗಿವಿ ಒಂದೇ.

ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಗಿ ಎರಡೋ ಮೂರೋ ವರ್ಷ ಆಗಿರಬೇಕು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಚಾ ಕೊಟ್ಟು ಏನೋ ಕೇಳಿದೆ. ಇವರು ಸುಮ್ಮನೆ ಕೂತಿದ್ದರು. ಇನ್ನೊಮ್ಮೆ ಕೇಳಿದೆ.

“ಬಲದ ಕಿವಿಗೆ ಹತ್ತಿ ಇಟ್ಟ ಹಾಗೆ ಆಗ್ತಾ ಉಂಟು ಮಾರಾಯ್ತಿ” ಎಂದರು. “ನಿನ್ನೆ ಮಲಗುವಾಗ ಸರಿ ಇತ್ತು. ಈಗ ಒಳಗೆ ಗುಂಯ್ ಅಂತದೆ, ಅಷ್ಟೆ.”

“ಏಸಿಯ ಗಾಳಿ ನೇರ ಬಡಿದದ್ದು. ಎಣ್ಣೆ ಬಿಡುವ, ಸರಿಯಾಗ್ತದೆ” ಎಂದೆ.

ತೆಂಗಿನೆಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹತ್ತಿಯಲ್ಲಿ ಅದ್ದಿ ಬಿಟ್ಟೆ. ನನ್ನ ಅಜ್ಜಿ ಬಿಟ್ಟದ್ದು, ಅಮ್ಮ ಬಿಟ್ಟದ್ದು, ನಾನೂ ಬಿಟ್ಟೆ. ನಾಲ್ಕು ದಿನ ಬೆಳಿಗ್ಗೆ ಸಂಜೆ ಬಿಟ್ಟೆ. ಐದನೆಯ ದಿನ ಇವರು ಫೋನನ್ನು ಬಲಗಿವಿಗೆ ಹಿಡಿದು “ಹಲೋ, ಹಲೋ” ಎಂದು ಕೂಗುತ್ತಿದ್ದರು. ಆ ಕಡೆಯ ಮಾತು ನನಗೆ ಒಲೆಯ ಹತ್ತಿರ ನಿಂತಲ್ಲಿಗೇ ಕೇಳಿಸುತ್ತಿತ್ತು.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಸರಕಾರದ ಒಂದು ಹೆಲ್ತ್ ಸೆಂಟರ್ ಇತ್ತು. ಭಾನುವಾರ ಇವರು ಎರಡು ಗಂಟೆ ತಡವಾಗಿ ಬರುತ್ತೇನೆಂದು ಕಂಪನಿಗೆ ಹೇಳಿ ಹೊರಟರು. ಮಾತು ಕೇಳಿಸಿಕೊಳ್ಳಲು ನಾನೂ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಇವರ ಸಿಪಿಆರ್ ಕಾರ್ಡನ್ನು, ಅಂದರೆ ಅಲ್ಲಿಯ ಗುರುತಿನ ಚೀಟಿಯನ್ನು, ಯಂತ್ರಕ್ಕೆ ಹಾಕಿ ನೋಡಿ ಹಿಂದೆ ಕೊಟ್ಟಳು.

“ನಾಟ್ ಹಿಯರ್. ಹಿದ್” ಎಂದಳು.

ಕಾರ್ಡಿನಲ್ಲಿದ್ದ ವಿಳಾಸ ಹಿದ್‌ನದ್ದು. ನಾನು ಬರುವ ಮೊದಲು ಇವರು ಬಂದರಿನ ಹತ್ತಿರ ಕಂಪನಿಯ ಕೋಣೆಯಲ್ಲಿ ಇದ್ದರಲ್ಲ, ಆಗಿನ ವಿಳಾಸ. ಅಲ್ಲಿಯ ಪದ್ಧತಿ ಹಾಗೆ, ವಿಳಾಸದ ಬ್ಲಾಕ್ ನಂಬರಿಗೆ ತಕ್ಕ ಹೆಲ್ತ್ ಸೆಂಟರ್. ನಾವು ಇರುವುದು ಇಲ್ಲೇ, ಅದೋ ಆ ತೋಟದಲ್ಲಿ ಎಂದು ನಾನು ಕಿಟಕಿಯ ಹೊರಗೆ ಕೈ ತೋರಿಸಿದೆ. ಅವಳು ನನ್ನ ಬೆರಳು ತೋರಿದ ಕಡೆ ನೋಡಲೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಬಾಯಿಗೆ ಬಂತು, ಆದರೆ ನನಗೆ ಗೊತ್ತಿದ್ದ ಹಿಂದಿಯಲ್ಲಿ ಅದನ್ನು ಹೇಳಲು ಆಗುತ್ತಿರಲಿಲ್ಲ.

ಹಿದ್ ಇದ್ದದ್ದು ದ್ವೀಪದ ಇನ್ನೊಂದು ತುದಿಯಲ್ಲಿ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಕಳೆಯದೆ ಮರಳಲಿಕ್ಕಿಲ್ಲ. ಅರ್ಧ ದಿನ ರಜೆ ಕೇಳಬೇಕು, ಕೇಳಿದರೆ ಫೋರ್‌ಮನ್ “ಯಾಕೆ” ಎನ್ನುತ್ತಾನೆ, ಕಿವಿ ಎಂದರೆ ಸುದ್ದಿಯಾಗುತ್ತದೆ. ಕಿವಿಯಿಂದ ಅನ್ನ ತಿನ್ನುವ ಮನುಷ್ಯ ಕಿವಿ ಹೋಗಿದೆ ಎಂದು ಹೇಳಿಕೊಳ್ಳಬಹುದೇ? ನಮ್ಮ ಜನರಲ್ಲಿ ಬರೆಯದ ಒಂದು ಕಾನೂನು ಇತ್ತು: ಅರಬಾಬನಿಗೆ, ಅಂದರೆ ಅನ್ನ ಕೊಡುವ ಯಜಮಾನನಿಗೆ, ಕಾಯಿಲೆ ಹೇಳಬಾರದು. ಹೇಳಿದರೆ ವೀಸಾಕ್ಕೆ ಕುತ್ತು. ಬಾಬಾ ನಮಗೆ ವೀಸಾ ಕೊಟ್ಟವರಲ್ಲ, ಆದರೆ ಮನೆ ಕೊಟ್ಟವರು. ಅವರಿಗೂ ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡೆವು. ಕೊನೆಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಇವರು ರಜೆ ತೆಗೆದರು. ಅಷ್ಟರಲ್ಲಿ ಒಂಬತ್ತು ದಿನ ಆಗಿತ್ತು.

ಹಿದ್‌ನ ಡಾಕ್ಟರು ದೀಪ ಹಾಕಿ ಕಿವಿಯೊಳಗೆ ನೋಡಿ ಮುಖ ಗಂಟಿಕ್ಕಿದರು. “ಎಣ್ಣೆ ಹಾಕಿದ್ದೀರಾ? ಏನೂ ಕಾಣುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನೆಲ ನೋಡಿದೆ. ಗುಗ್ಗೆ ಇರಬಹುದು, ಶೀತವೂ ಇರಬಹುದು ಎಂದು ಹನಿಮದ್ದು ಬರೆದುಕೊಟ್ಟು, ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ಬನ್ನಿ ಎಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಡಾಕ್ಟರನ್ನಾದರೂ ಏನು ಬೈಯಲಿ? ಬರುವಾಗ ಬಸ್ಸಿನಲ್ಲಿ ಇವರು ಕಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆದು ಹೊಡೆದು ನೋಡಿಕೊಳ್ಳುತ್ತಿದ್ದರು. ಎದುರಿಗೆ ಕೂತಿದ್ದ ಬಂಗಾಳಿಯೊಬ್ಬ ತನ್ನನ್ನು ಕರೆಯುತ್ತಿದ್ದಾರೆಂದು ತಿಳಿದು “ಕ್ಯಾ ಭಾಯಿ?” ಎಂದ.

ಒಂದು ವಾರ ಹನಿಮದ್ದು ಬಿಟ್ಟೆವು. ಆ ವಾರ ನಾನು ವಿಳಾಸ ಬದಲಿಸುವ ಕೆಲಸಕ್ಕೆ ಇಳಿದೆ, ಹತ್ತಿರದ ಹೆಲ್ತ್ ಸೆಂಟರಿಗಾದರೂ ಹೋಗುವ ಹಾಗಾಗಲಿ ಎಂದು. ಅದಕ್ಕೆ ಬಾಡಿಗೆ ಪತ್ರ ಬೇಕು, ಕರೆಂಟಿನ ಬಿಲ್ಲು ಬೇಕು. ಬಾಬಾ ತೋಟಕ್ಕೆ ಬಂದಾಗ ಕೇಳಿದೆ. ಕಿವಿಯ ವಿಷಯ ಎತ್ತದೆ, ಬ್ಯಾಂಕಿಗೆ ಬೇಕು ಎಂದೆ. ಅವರು ನಕ್ಕರು. ಹರಕು ಹಿಂದಿಯಲ್ಲಿ, ಇದು ಮನೆಯಲ್ಲ, ಮಾಲಿಯ ಕೋಣೆ, ಇದಕ್ಕೆ ನಂಬರೇ ಇಲ್ಲ, ಎಲ್ಲಿಂದ ಕಾಗದ ತರಲಿ ಎಂದರು. ಬಾಗಿಲಿನ ಮೇಲೆ ನೋಡಿದೆ, ಹೌದು, ನಾಲ್ಕು ವರ್ಷದಿಂದ ಇದ್ದೆವು, ನಂಬರಿನ ಹಲಗೆ ಇರಲಿಲ್ಲ. ಕಸ ಗುಡಿಸಿ, ರಂಗೋಲಿ ಹಾಕಿ, ಬಾಗಿಲಿಗೆ ತೋರಣ ಕಟ್ಟಿದ ಮನೆ ಸರಕಾರದ ಪುಸ್ತಕದಲ್ಲಿ ಇರಲೇ ಇಲ್ಲ. ಬಾಬಾ ತೋಟದಾಚೆಯ ತಮ್ಮ ಮನೆಗೆ ನಡೆದು ಹೋಗುವಾಗ ಒಂದು ಬುಟ್ಟಿ ಸೊಪ್ಪು ಕೊಟ್ಟು ಹೋದರು. ಅವರ ಬಿಳಿ ಪಿಕಪ್ ಎಂದಿನಂತೆ ಬೋರೆಯಂಥ ಕಾಯಿ ಬಿಡುವ ಮುಳ್ಳಿನ ಮರದ ಕೆಳಗೆ ನಿಂತಿತ್ತು.

ಆಮೇಲೆ ಸನದ್‌ನಲ್ಲಿದ್ದ ಪರಿಚಯದ ಒಬ್ಬಾಕೆಗೆ ಫೋನು ಮಾಡಿದೆ. ಬೆಂಗಳೂರಿನವಳು, ಗಂಡ ಇಂಜಿನಿಯರು, ಗಣೇಶನ ಹಬ್ಬದಲ್ಲಿ ಸಿಕ್ಕಿದವಳು.

“ಅಯ್ಯೋ, ಗೌರ್ಮೆಂಟ್‌ನಲ್ಲಿ ಯಾಕ್ರೀ ಸುತ್ತಾಡ್ತೀರಾ? ಅದ್ಲಿಯಾದಲ್ಲಿ ಒಂದು ಕ್ಲಿನಿಕ್ ಇದೆ, ಇಂಡಿಯನ್ ಡಾಕ್ಟ್ರು, ನಾನೇ ಅಪಾಯಿಂಟ್‌ಮೆಂಟ್ ತಗೋತೀನಿ” ಎಂದಳು. ತೆಗೆದುಕೊಂಡಳು ಕೂಡ. ಇವರು ಇನ್ನೊಂದು ಹೊಟ್ಟೆನೋವು ಹುಟ್ಟಿಸಿಕೊಂಡರು. ನಾವು ಬಸ್ಸು, ಟ್ಯಾಕ್ಸಿ ಎರಡೂ ಹಿಡಿದು, ಹೋಟೆಲುಗಳ ಸಾಲಿನ ನಡುವೆ ಆ ಕ್ಲಿನಿಕ್ ಹುಡುಕಿ ಒಳಗೆ ಹೋದರೆ, ಕೌಂಟರಿನ ಹುಡುಗಿ ಕೈ ಮುಗಿಯುವುದೊಂದು ಬಾಕಿ. ಕಿವಿಯ ಡಾಕ್ಟರು ಹಠಾತ್ತನೆ ರಜೆ ಹಾಕಿ ಹೋಗಿದ್ದಾರೆ, ಮೂರು ವಾರ ಬಿಟ್ಟು ಬರುತ್ತಾರೆ ಎಂದಳು. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದೆ. ಊರಿಗೆ ಎಂದಳು. ನನಗೆ ನಗು ಬಂತು, ಇವರಿಗೆ ಯಾಕೆ ನಗುತ್ತಿದ್ದೇನೆಂದು ಗೊತ್ತಾಗಲಿಲ್ಲ. ಅವಳು ಹೇಳಿದ್ದನ್ನು ನಾನು ಇವರ ಎಡಗಿವಿಯ ಹತ್ತಿರ ಬಾಯಿಟ್ಟು ಇನ್ನೊಮ್ಮೆ ಹೇಳಬೇಕಾಯಿತು.

ಇಪ್ಪತ್ತನಾಲ್ಕನೆಯ ದಿನ ಮತ್ತೆ ಹಿದ್. ಈ ಸಲ ಬೇರೆ ಡಾಕ್ಟರು. ಎಷ್ಟು ದಿನ ಆಯಿತು ಎಂದು ಕೇಳಿ, ಉತ್ತರ ಕೇಳಿ ಪೆನ್ನು ಕೆಳಗಿಟ್ಟು ಇವರ ಮುಖವನ್ನೇ ಒಂದು ಗಳಿಗೆ ನೋಡಿದರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಆ ಚೀಟಿಗೆ ಅಲ್ಲಿ ಸಿಕ್ಕಿದ ದಿನಾಂಕ ಮೇ ತಿಂಗಳ ಕೊನೆಯದು. ಮನೆಗೆ ಬಂದು ಕ್ಯಾಲೆಂಡರ್ ತಿರುವಿ ನೋಡಿದೆ. ಆ ವರ್ಷದ ರಜೆಗೆಂದು ಆಗಲೇ ಟಿಕೆಟು ಮಾಡಿಸಿದ್ದ ನಮ್ಮ ಊರಿನ ವಿಮಾನ ಅದಕ್ಕಿಂತ ಎರಡು ದಿನ ಮೊದಲು ಇತ್ತು.

ಇಬ್ಬರೂ ಒಲೆಯ ಪಕ್ಕದ ಮಣೆಯ ಮೇಲೆ ಕೂತೆವು. ಇವರು, ಬೇಕಾದರೆ ಟಿಕೆಟು ಮುಂದೂಡಬಹುದು ಎಂದರು. ಹೇಳಿದ್ದು ಇವರು. ಬೇಡ ಎಂದದ್ದು ನಾನು.

“ಊರಿಗೆ ಹೋಗ್ಲಿಕ್ಕುಂಟಲ್ಲ” ಎಂದೆ ಜೋರಾಗಿ. “ಅಲ್ಲೇ ಒಳ್ಳೆ ಡಾಕ್ಟರಿಗೆ ತೋರಿಸುವ. ಇಲ್ಲಿಯವರ ಹಿಂದೆ ತಿರುಗಿ ನನಗೆ ಸಾಕಾಯ್ತು.”

ನಿಜವಾಗಿಯೂ ಸಾಕಾಗಿತ್ತು. ಆ ಬಿಸಿಲು, ಆ ಬಸ್ಸು, ಪ್ರತಿ ಕಿಟಕಿಯಲ್ಲಿ ಕಾರ್ಡು ಕೊಟ್ಟು ಕಾರ್ಡು ವಾಪಸು ತೆಗೆದುಕೊಳ್ಳುವುದು, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಗಂಡನ ಕಿವಿಯನ್ನು ವಿವರಿಸುವುದು. ನನ್ನ ದಣಿವೇ ಅವತ್ತು ಮಾತಾಡಿದ್ದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಗ್ಯಾಸ್ಕೆಟ್‌ನ ಕೆಳಗೆ ‘ಇವರ ಕಿವಿ’ ಎಂದು ಬರೆದೆ. ಬರೆದಮೇಲೆ ಮನಸ್ಸು ಹಗುರವೂ ಆಯಿತು, ಅದನ್ನು ಮುಚ್ಚಿಡಲಾರೆ. ಅವತ್ತಿನಿಂದ ಊರಿಗೆ ಕೊಂಡುಹೋಗುವ ಸಾಮಾನು ಕಟ್ಟುವುದರಲ್ಲಿ ಬಿದ್ದೆ.

ಜೂನಿನ ಮೊದಲ ವಾರ ಉಡುಪಿಯ ಒಬ್ಬ ಕಿವಿ ಡಾಕ್ಟರಲ್ಲಿಗೆ ಹೋದೆವು. ಜೊತೆಗೆ ನನ್ನ ಅಣ್ಣನೂ ಬಂದಿದ್ದ, ಲೆಕ್ಕಾಚಾರ ಹಾಕಿದ ಹಾಗೆಯೇ. ಗಾಜಿನ ಗೂಡಿನಂಥ ಸಣ್ಣ ಕೋಣೆಯಲ್ಲಿ ಇವರನ್ನು ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಶಬ್ದ ಕೇಳಿದಾಗಲೆಲ್ಲ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟರು. ಹೊರಗಿನಿಂದ ನಾನು ನೋಡುತ್ತಿದ್ದೆ. ಯಂತ್ರದ ಮುಂದಿನ ಹುಡುಗಿ ಒಂದೊಂದೇ ಹೆಚ್ಚಿಸುತ್ತ ಹೋದಳು. ಇವರ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ನಿಂತಿತ್ತು. ನಿಂತೇ ಇತ್ತು.

“ಎಷ್ಟು ದಿನ ಆಯ್ತು?” ಎಂದು ಡಾಕ್ಟರು ಕೇಳಿದರು. ಎರಡೂವರೆ ತಿಂಗಳು ಎಂದೆ.

“ಇದು ನರದ್ದು ಅಮ್ಮ. ಹೀಗೆ ಒಂದೇ ದಿನದಲ್ಲಿ ಕಿವಿ ಹೋದ್ರೆ ಎರಡು ವಾರದ ಒಳಗೆ ಬರ್ಬೇಕು. ಮಾತ್ರೆ ಉಂಟು ಇದಕ್ಕೆ, ಕೆಲವರಿಗೆ ಪೂರ್ತಿ ವಾಪಸ್ ಬರ್ತದೆ. ಈಗ ತುಂಬ ತಡ ಆಯ್ತು. ಅಲ್ಲಿ ದೊಡ್ಡ ಆಸ್ಪತ್ರೆ ಇರ್ಲಿಲ್ವ? ಎಮರ್ಜೆನ್ಸಿಗೆ ನೇರ ಹೋಗ್ಲಿಕ್ಕೆ ಆಗ್ತಿತ್ತಲ್ಲ.”

ಎಮರ್ಜೆನ್ಸಿ. ಎದೆನೋವು ಬಂದರೆ, ಲಾರಿ ಹೊಡೆದರೆ, ರಕ್ತ ಸುರಿದರೆ ಹೋಗುವ ಜಾಗ ಎಂದು ನಾವು ತಿಳಿದಿದ್ದೆವು. ಕಿವಿ ಕೇಳುವುದಿಲ್ಲವೆಂದು ಅಲ್ಲಿಗೆ ಓಡುವವರುಂಟೇ? ನೋವೇ ಇರಲಿಲ್ಲವಲ್ಲ. ಒಂದು ಸಲ ಜೋರಾಗಿ ನೋವು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಎಡಗಿವಿಗೆ ಒಂದು ಯಂತ್ರ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಯಂತ್ರ ಕಂಡರೆ ಕಂಪನಿಯವರಿಗೆ ಗೊತ್ತಾಗುತ್ತದೆಂದು ಇವರು ಒಪ್ಪಲಿಲ್ಲ. ಮನೆಗೆ ಬಂದಮೇಲೆ ಇವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಜುಲೈಯಲ್ಲಿ ವಾಪಸು ಹೋದೆವು. ಸೆಖೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಬಟ್ಟೆ ಒಣಗುವ ಕಾಲ. ಬಾಬಾ ಒಂದು ದಿನ ಬಂದು, ಒಂದು ಪಂಪಿನ ಸದ್ದು ಯಾಕೋ ಬೇರೆ ಅನ್ನಿಸುತ್ತಿದೆ, ನೋಡು ಎಂದರು. ಇವರು ಸ್ಕ್ರೂ ಡ್ರೈವರ್ ಹಿಡಿದು ಪಂಪ್‌ಹೌಸಿಗೆ ಹೋದರು. ನಾನು ಆಚೆ ಬದಿಯ ಹಗ್ಗದಲ್ಲಿ ಬಟ್ಟೆ ಹಾಕುತ್ತಿದ್ದೆ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಇವರು ಮೊನೆಯನ್ನು ಬೇರಿಂಗಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚಿದರು. ಹಳೆಯ ಅಭ್ಯಾಸವೋ, ಬಾಬಾ ನೋಡುತ್ತಿದ್ದಾರೆಂದೋ, ಎಡಗಿವಿಗೆ ಇಡಲಿಲ್ಲ. ಎರಡನೆಯ ಪಂಪಿಗೂ ಹಾಗೇ ಮಾಡಿದರು. ಆಮೇಲೆ ಬಾಬಾನ ಕಡೆ ತಿರುಗಿ, “ಜೇನ್, ಬಾಬಾ, ಜೇನ್” ಎಂದರು. ಚೆನ್ನಾಗಿದೆ ಎಂದು.

ಚೆನ್ನಾಗಿರಲಿಲ್ಲ. ನಾಲ್ಕು ವರ್ಷ ಆ ಎರಡು ಪಂಪುಗಳ ಪಕ್ಕದಲ್ಲೇ ಅಕ್ಕಿ ತೊಳೆದು, ಊಟ ಮಾಡಿ, ನಿದ್ದೆ ಮಾಡಿದವಳು ನಾನು. ಎಡಗಡೆಯದ್ದರಿಂದ ಒಣ ಕಬ್ಬಿಣ ಅರೆಯುವ ಸದ್ದು ಬಟ್ಟೆಯ ಹಗ್ಗದವರೆಗೆ ಬರುತ್ತಿತ್ತು. ಹೇಳದಿದ್ದರೆ ನಾಲ್ಕು ದಿನದಲ್ಲಿ ಪಂಪು ಹಿಡಿದುಕೊಂಡು ನಿಲ್ಲುತ್ತದೆ, ಬೇಸಗೆಯ ನಡುವೆ ತೋಟ ಒಣಗುತ್ತದೆ, ಆಗ ಎಲ್ಲವೂ ಹೋಗುತ್ತದೆ. ಹೇಳಿದರೆ ಇವರ ಮಾನ ಹೋಗುತ್ತದೆ. ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಬಕೆಟ್ಟಿಗೆ ಹಾಕಿ ಹೋದೆ.

“ಕೇಳಿತಾ?” ಎಂದೆ ಮೆಲ್ಲಗೆ, ಬಾಗಿಲಲ್ಲಿ ನಿಂತು. ಇವರು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಕೊನೆಗೆ ಪಂಪಿನ ಸದ್ದಿಗಿಂತ ಮೇಲೆ, ಗಂಟಲು ಹರಿಯುವ ಹಾಗೆ ಕೂಗಿದೆ. “ಎಡದ್ದು ಅರೀತಾ ಉಂಟು! ಬೇರಿಂಗ್ ಹೋಗಿದೆ!”

ಬಾಬಾಗೆ ಕನ್ನಡ ಬರುವುದಿಲ್ಲ. ಆದರೆ ಎರಡು ಹೆಜ್ಜೆ ದೂರದಲ್ಲಿರುವ ಗಂಡನಿಗೆ ಹೆಂಡತಿ ಹಾಗೆ ಕೂಗಿದ್ದು ಅರ್ಥವಾಗಲು ಕನ್ನಡ ಯಾಕೆ ಬೇಕು? ಅವರು ಹೋಗಿ ಎರಡೂ ಪಂಪುಗಳ ಸ್ವಿಚ್ಚು ಆರಿಸಿದರು. ಇವರ ಹಿಂದೆ ನಿಂತು, ಬಲಗಿವಿಯ ಪಕ್ಕದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರು. ಇವರು ಸ್ಕ್ರೂ ಡ್ರೈವರಿನ ಮೊನೆ ಒರೆಸುತ್ತಲೇ ಇದ್ದರು. ಬಾಬಾ ನನ್ನ ಕಡೆ ನೋಡಿದರು.

“ಕಿತ್ನಾ ದಿನ್?” ಎಂದರು. ಎಷ್ಟು ದಿನ ಆಯಿತು. ಎಲ್ಲರೂ ಕೇಳಿದ ಅದೇ ಪ್ರಶ್ನೆ.

ಮಾರ್ಚ್‌ನಿಂದ, ನಾಲ್ಕು ತಿಂಗಳು ಎಂದೆ. ಆಸ್ಪತ್ರೆ, ಹಿದ್, ಚೀಟಿ, ದಿನಾಂಕ ಎಲ್ಲ ನನ್ನ ಹಿಂದಿಯಲ್ಲಿ ಹೇಳಿದೆ. ಮುದುಕರಿಗೆ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ಅವರ ಸಿಟ್ಟು ನೋಡಿದ್ದು ಅದೇ ಮೊದಲು. ಮರದ ಕೆಳಗಿನ ಪಿಕಪ್ಪಿಗೆ ಕೈ ತೋರಿಸಿ ಕೂಗಿದರು.

“ಗಾಡಿ ಇದರ್, ಮೈ ಇದರ್! ಮೇರೇ ಕೋ ಕ್ಯೂಂ ನಹೀ ಬೋಲಾ? ಮೈ ಉಸೀ ದಿನ್ ಲೇಕೆ ಜಾತಾ!”

ಗಾಡಿ ಇಲ್ಲೇ, ನಾನೂ ಇಲ್ಲೇ, ನನಗೆ ಹೇಳಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತಿದ್ದೆ ಎಂದರು. ನನ್ನ ಮಗಳು ಆ ದೊಡ್ಡ ಆಸ್ಪತ್ರೆಯಲ್ಲೇ ನರ್ಸು, ನನಗೆ ಹೇಳದೆ ಬ್ಯಾಂಕಿಗೆಂದು ಕಾಗದ ಕೇಳಿದೆಯಲ್ಲ ಎಂದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರು ನಾವು. ಆ ಗಾಡಿಯ ಪಕ್ಕದಲ್ಲೇ ನಡೆದು ಪ್ರತಿ ಸಲ ಬಸ್ಸಿಗೆ ಹೋಗಿದ್ದೆವು.

“ಮುಲುಕ್ ಜಾನಾ ಥಾ, ಬಾಬಾ” ಎಂದೆ. ಊರಿಗೆ ಹೋಗುವುದಿತ್ತು, ಅದಕ್ಕೆ. ಅವರು ತಲೆಯ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡರು.

ಇವರು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದರು, ಒಮ್ಮೆ ಅವರದ್ದು, ಒಮ್ಮೆ ನನ್ನದು. ಆಮೇಲೆ ನನ್ನ ಹತ್ತಿರ ಬಂದು ಎಡಗಿವಿಯನ್ನು ಬಗ್ಗಿಸಿದರು.

“ಎಂತ ಹೇಳ್ತಾರೆ ಅವರು?” ಎಂದು ಕೇಳಿದರು.

“ಹೊಸ ಬೇರಿಂಗ್ ತರ್ಲಿಕ್ಕೆ ಹೇಳ್ತಾರೆ” ಎಂದೆ.